ಊರಿಗೂ ಬೆಂಗಳೂರಿಗೂ ಓಡಾಡುವವರು ನೆಟ್‌ಗೆ ಏನು ಇಟ್ಟುಕೊಂಡಿದ್ದೀರಿ? ಡಾಂಗಲ್ಲಾ, ಸಿಮ್ ಹಾಕುವ ಟ್ಯಾಬಾ, ಫೋನೇ ಸಾಕಾ?

ಸಿದ್ದಾಪುರ_ಸೀಮೆ
ಎಲ್ಲರಿಗೂ ನಮಸ್ಕಾರ. ಕೆಲಸ ಬೆಂಗಳೂರಿನ ಕಂಪನಿಯಲ್ಲಿ, ಮನೆ ಸಿದ್ದಾಪುರದ ಹತ್ತಿರ. ಮನೆಗೆ ಬಿಎಸ್‌ಎನ್‌ಎಲ್ ಫೈಬರ್ ಬಂದಿದೆ, ಅಲ್ಲಿ ತೊಂದರೆ ಇಲ್ಲ. ಗೋಳು ಶುರುವಾಗುವುದು ಮನೆ ಬಿಟ್ಟ ಮೇಲೆ. ಆಫೀಸಿಗೆ ಹೋಗಬೇಕಾದಾಗ ತಾಳಗುಪ್ಪದಿಂದ ರೈಲು ಹತ್ತುತ್ತೇನೆ, ಇಲ್ಲಾ ಸಾಗರದಿಂದ ಬಸ್ಸು. ನಡುವೆ ಮದುವೆ, ಉಪನಯನ ಅಂತ ಕುಮಟಾ ಕಡೆಗೂ ಓಡಾಟ ಇರುತ್ತದೆ.

ಈಗ ಫೋನಿನ ಹಾಟ್‌ಸ್ಪಾಟ್‌ನಲ್ಲೇ ಲ್ಯಾಪ್‌ಟಾಪ್ ನಡೆಸುತ್ತಿದ್ದೇನೆ. ಫೋನ್ ಕಾಯುತ್ತದೆ, ಮಧ್ಯಾಹ್ನಕ್ಕೇ ಬ್ಯಾಟರಿ ಖಾಲಿ. ನನಗೆ ಬೇಕಿರುವುದು ಇಷ್ಟೇ: ಮೀಟಿಂಗ್‌ನಲ್ಲಿ ಮಾತು ಕಡಿಯಬಾರದು, ಒಂದು ಹಗಲು ಚಾರ್ಜ್ ನಿಲ್ಲಬೇಕು. ಡಾಂಗಲ್ (ಸಿಮ್ ಹಾಕಿ ನೆಟ್ ಹಂಚುವ ಪುಟ್ಟ ಡಿವೈಸ್) ಆದರೆ ಐದು ಸಾವಿರದೊಳಗೆ, ಟ್ಯಾಬ್ ಆದರೆ ಇಪ್ಪತ್ತರವರೆಗೂ ಹೋಗಬಹುದು. ಬಳಸಿದವರು ಹೇಳಿ. ಯೂಟ್ಯೂಬ್ ರಿವ್ಯೂ ನೋಡಿ ತಲೆ ಕೆಟ್ಟಿದೆ.

ಬ್ಯಾಟರಿ_ಭಟ್ಟ
ಸಿಮ್ ಹಾಕುವ ಪಾಕೆಟ್ ವೈಫೈ ತಗೊಳ್ಳಿ, ಮುಗಿಯಿತು. ಹತ್ತು ಜನ ಕನೆಕ್ಟ್ ಆಗಬಹುದು, ಫೋನ್ ತಣ್ಣಗೆ ಜೇಬಲ್ಲಿರುತ್ತದೆ.

ರೇಂಜ್_ರಾಯರು
ಮುಗಿಯಲಿಲ್ಲ ಭಟ್ರೇ, ಅಲ್ಲಿಂದಲೇ ಶುರು. ಸಿದ್ದಾಪುರದವರು ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಲಿ. ದಾರಿಯಲ್ಲಿ ಫೋನಿಗೆ ಸಿಗ್ನಲ್ಲೇ ಇರುವುದಿಲ್ಲವಾ, ಅಥವಾ ಸಿಗ್ನಲ್ ಇದ್ದೂ ನೆಟ್ ನಿಧಾನವಾ? ಸಿಗ್ನಲ್ಲೇ ಇಲ್ಲದ ಕಡೆ ಅದೇ ಕಂಪನಿಯ ಸಿಮ್ಮನ್ನು ಡಾಂಗಲ್‌ಗೆ ಹಾಕಿದರೆ ಅದೇನು ಟವರ್ ಹುಟ್ಟಿಸುತ್ತದಾ?

ಸಿದ್ದಾಪುರ_ಸೀಮೆ
ಎರಡೂ ಇದೆ ಸರ್. ಸಾಗರ, ಶಿವಮೊಗ್ಗ, ತಿಪಟೂರು ಹತ್ತಿರ ಚೆನ್ನಾಗಿರುತ್ತದೆ. ನಡುವೆ ಕೆಲವು ಕಡೆ ಕಡ್ಡಿ ಇರುತ್ತದೆ, ಪೇಜ್ ತೆರೆಯುವುದಿಲ್ಲ. ದೇವಿಮನೆ ಘಾಟಿಯಲ್ಲಂತೂ ಪೂರ್ತಿ ಸೊನ್ನೆ.

ರೇಂಜ್_ರಾಯರು
ಹಾಗಾದರೆ ಕೇಳಿ. ಅಗ್ಗದ ಪಾಕೆಟ್ ವೈಫೈಗಳಲ್ಲಿ ಹೆಚ್ಚಿನವು ಕ್ಯಾಟ್ 4 ದರ್ಜೆಯವು, ಅಂದರೆ ಕಾಗದದ ಮೇಲೆ 150 ಎಂಬಿಪಿಎಸ್ ಸ್ಪೀಡ್. ಒಂದು ಸಲಕ್ಕೆ ಒಂದೇ ಬ್ಯಾಂಡ್ (ಟವರ್ ಬಳಸುವ ಫ್ರೀಕ್ವೆನ್ಸಿಯ ಪಟ್ಟಿ) ಹಿಡಿಯುತ್ತವೆ. ಈಗಿನ ಸಾಧಾರಣ ಫೋನ್ ಕೂಡ ಎರಡು ಮೂರು ಬ್ಯಾಂಡ್ ಸೇರಿಸಿ ಎಳೆಯುತ್ತದೆ. ಹಾಗಾಗಿ ಜನ ತುಂಬಿದ ಟವರ್ ಕೆಳಗೆ ಡಾಂಗಲ್‌ಗಿಂತ ಫೋನೇ ಮುಂದೆ.

ಇನ್ನು ಬ್ಯಾಂಡ್ ವಿಷಯ. ಕಾಡು, ಗುಡ್ಡದ ಕಡೆ ದೂರ ಬರುವುದು ಕಡಿಮೆ ಫ್ರೀಕ್ವೆನ್ಸಿ. ಜಿಯೋಗೆ 850 ಮೆಗಾಹರ್ಟ್ಸ್ ಇದೆ (ಬ್ಯಾಂಡ್ 5), ಏರ್‌ಟೆಲ್‌ಗೆ 900 (ಬ್ಯಾಂಡ್ 8), ಬಿಎಸ್‌ಎನ್‌ಎಲ್ 4ಜಿಗೆ 700 (ಬ್ಯಾಂಡ್ 28). 2300 (ಬ್ಯಾಂಡ್ 40) ಪಟ್ಟಣದಲ್ಲಿ ಸ್ಪೀಡ್ ಕೊಡುತ್ತದೆ, ಒಂದು ಗುಡ್ಡ ಅಡ್ಡ ಬಂದರೆ ಮಾಯ. ಯಾವ ಡಿವೈಸ್ ತಗೊಂಡರೂ ಡಬ್ಬದ ಮೇಲೆ 3, 5, 8, 28, 40 ಇವೆಯಾ ನೋಡಿ. ಹೊರದೇಶಕ್ಕೆಂದು ಮಾಡಿದ ಡಾಂಗಲ್ ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುತ್ತವೆ. ಅವುಗಳಲ್ಲಿ 5 ಇಲ್ಲಾ 40 ಇರುವುದೇ ಇಲ್ಲ.

ಚಹಾ_ಚಕ್ಕುಲಿ
ರಾಯರು ಬಂದರೆ ಬ್ಯಾಂಡ್ ಬಾರಿಸದೆ ಹೋಗುವುದಿಲ್ಲ 😄

ಬ್ಯಾಟರಿ_ಭಟ್ಟ
ರಾಯರೇ, ಕಾಗದದ ಲೆಕ್ಕ ಬಿಡಿ. ಮೀಟಿಂಗ್‌ಗೆ 150 ಎಂಬಿಪಿಎಸ್ ಯಾಕೆ ಬೇಕು? ವಿಡಿಯೋ ಕಾಲ್‌ಗೆ ಎರಡು ಮೂರು ಎಂಬಿಪಿಎಸ್ ಸಾಕು. ಬರೀ ಮಾತಿಗೆ ಅಷ್ಟೂ ಬೇಡ. ಅವರ ಕಷ್ಟ ಫೋನ್ ಕಾಯುವುದು, ಚಾರ್ಜ್ ಇಳಿಯುವುದು. ಅದಕ್ಕೆ ಬೇರೆ ಡಿವೈಸೇ ಮದ್ದು. ನನ್ನ ಹತ್ತಿರ ಇರುವುದರಲ್ಲಿ ಚಾರ್ಜ್ ಬೆಳಗ್ಗೆಯಿಂದ ಸಂಜೆ ನಾಲ್ಕರವರೆಗೆ ಬರುತ್ತದೆ.

ಹುಬ್ಬಳ್ಳಿ_ಗಿರ್ಮಿಟ್
ಭಟ್ರ, ನಾಲ್ಕರ ಮ್ಯಾಲ ಏನ್ ಮಾಡ್ತೀರಿ?

ಬ್ಯಾಟರಿ_ಭಟ್ಟ
ಪವರ್ ಬ್ಯಾಂಕ್.

ಹುಬ್ಬಳ್ಳಿ_ಗಿರ್ಮಿಟ್
ಮತ್ತ ಆ ಪವರ್ ಬ್ಯಾಂಕ್ ಫೋನಿಗೇ ಹಚ್ಚಿದ್ರ ಡಾಂಗಲ್ ರೊಕ್ಕ ಉಳೀತಿತ್ತಲ್ರೀ!

ಗುಜರಿ_ಗುರು
ನನ್ನ ಮತ ಹಳೆ ಫೋನಿಗೆ. ಎಲ್ಲರ ಮನೆಯಲ್ಲೂ ಡ್ರಾಯರಲ್ಲಿ ಒಂದು ಬಿದ್ದಿರುತ್ತದೆ. ಪರದೆ ಒಡೆದಿದ್ದರೂ ನಡೆಯುತ್ತದೆ. ಇದನ್ನೇ ನಾನು ಬಳಸುವುದು:

ಫ್ಯಾಕ್ಟರಿ ರೀಸೆಟ್ ಮಾಡಿ. ವಾಟ್ಸಾಪ್, ಮೇಲ್ ಏನೂ ಹಾಕಬೇಡಿ. ಆಟೋ ಅಪ್‌ಡೇಟ್ ಬಂದ್ ಮಾಡಿ. ಬೇರೆ ಕಂಪನಿಯ ಸಿಮ್ ಹಾಕಿ. ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ‘ಯಾರೂ ಇಲ್ಲದಿದ್ದರೆ ತಾನಾಗಿ ಆಫ್ ಆಗು’ ಅನ್ನುವುದನ್ನು ತೆಗೆದುಹಾಕಿ. ಇಲ್ಲದಿದ್ದರೆ ಲ್ಯಾಪ್‌ಟಾಪ್ ಮುಚ್ಚಿ ತೆರೆಯುವಷ್ಟರಲ್ಲಿ ಹಾಟ್‌ಸ್ಪಾಟ್ ಸತ್ತಿರುತ್ತದೆ. ಪರದೆ ಆಫ್ ಇದ್ದು ಬೇರೆ ಆ್ಯಪ್ ಇಲ್ಲದಿದ್ದರೆ 5000 ಎಂಎಎಚ್ ಬ್ಯಾಟರಿ ಆರಾಮಾಗಿ ಹಗಲು ದಾಟುತ್ತದೆ. ಸಣ್ಣ ಪಾಕೆಟ್ ವೈಫೈಗಳಲ್ಲಿ ಇರುವುದು ಎರಡು ಎರಡೂವರೆ ಸಾವಿರ ಎಂಎಎಚ್ ಅಷ್ಟೇ.

ಇನ್ನೊಂದು: ವೈಫೈ ಹಾಟ್‌ಸ್ಪಾಟ್ ಬಿಟ್ಟು ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಮಾಡಿ. ಲ್ಯಾಪ್‌ಟಾಪಿನಿಂದ ಫೋನ್ ಚಾರ್ಜೂ ಆಗುತ್ತದೆ, ವೈಫೈ ರೇಡಿಯೋ ಓಡದೆ ಬಿಸಿಯೂ ಕಡಿಮೆ.

ಸಿದ್ದಾಪುರ_ಸೀಮೆ
ಯುಎಸ್‌ಬಿ ಟೆದರಿಂಗ್ ಹೊಳೆದೇ ಇರಲಿಲ್ಲ ಗುರುಗಳೇ. ಆಫೀಸ್ ಲ್ಯಾಪ್‌ಟಾಪ್, ಬಿಡುತ್ತದೋ ಇಲ್ಲವೋ ನೋಡುತ್ತೇನೆ.

ಪುತ್ತೂರು_ಪೋಡಿ
ಮಾರಾಯ್ರೆ, ಹಳೆ ಫೋನನ್ನು ಸದಾ ಚಾರ್ಜರಿಗೆ ಹಾಕಿ ಇಡಬೇಡಿ. ನಮ್ಮ ಮನೆಯಲ್ಲಿ ಹಾಗೆ ಇಟ್ಟದ್ದರ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳವೇ ಎದ್ದಿತ್ತು. ಡಾಂಗಲ್‌ಗೂ ಅದೇ ಕಥೆ. ಮನೆಗೆ ಬಂದ ಮೇಲೆ ಆಫ್ ಮಾಡಿ ಇಡಿ.

ಐಟಿ_ಅಜ್ಜ
ಈಗಿನ ಮಕ್ಕಳು ಅದೃಷ್ಟವಂತರು. ನಾವು ಆಗಿನ ಯುಎಸ್‌ಬಿ ಡಾಂಗಲ್ ಟಾಟಾ ಫೋಟಾನ್ ಚುಚ್ಚಿಕೊಂಡು ಮೆಜೆಸ್ಟಿಕ್‌ನಲ್ಲಿ ಕೂತು ಮೇಲ್ ಕಳಿಸಿದವರು. ಬಿಡದಿ ದಾಟಿದರೆ ಅದರ ದೀಪದ ಬಣ್ಣ ಬದಲಾಗುತ್ತಿತ್ತು, ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು.

ಚಹಾ_ಚಕ್ಕುಲಿ
ರಿಲಯನ್ಸ್ ನೆಟ್‌ಕನೆಕ್ಟ್ ಮರೆತಿರಾ ಅಜ್ಜ? ಅದನ್ನು ಕಿಟಕಿ ಸರಳಿಗೆ ದಾರದಲ್ಲಿ ಕಟ್ಟುತ್ತಿದ್ದೆವು.

ಐಟಿ_ಅಜ್ಜ
ನಾವು ಅಟ್ಟಕ್ಕೆ. ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತರಲು ಎಸ್.ಪಿ. ರೋಡಿಗೆ ಹೋಗಿದ್ದು ಇನ್ನೂ ನೆನಪಿದೆ.

ಮೇಡಂ_ಮೈಸೂರು
ವಿಷಯಕ್ಕೆ ಬರೋಣ. ನಾನು ಸಿಮ್ ಇರುವ ಟ್ಯಾಬ್ ಪರ. ಕೆಲಸ ಅಂದರೆ ಬರೀ ಲ್ಯಾಪ್‌ಟಾಪ್ ಅಲ್ಲವಲ್ಲ. ಮೀಟಿಂಗ್, ಮೇಲ್, ಪಿಡಿಎಫ್ ಓದುವುದು ಇಷ್ಟೇ ಆದರೆ ಟ್ಯಾಬ್‌ನಲ್ಲೇ ಆಗುತ್ತದೆ. ಬ್ಯಾಟರಿ ದೊಡ್ಡದು, ಅದರಿಂದ ಲ್ಯಾಪ್‌ಟಾಪ್‌ಗೆ ಹಾಟ್‌ಸ್ಪಾಟೂ ಕೊಡಬಹುದು. ಬಸ್ಸಿನಲ್ಲಿ ಮಡಿಲ ಮೇಲೆ ಲ್ಯಾಪ್‌ಟಾಪ್ ತೆರೆದರೆ ಮುಂದಿನ ಸೀಟಿನವರು ಹಿಂದಕ್ಕೆ ಒರಗಿದ ತಕ್ಷಣ ಅದು ಹೊಟ್ಟೆಗೆ ಬರುತ್ತದೆ. ಟ್ಯಾಬ್‌ಗೆ ಆ ಗೋಳಿಲ್ಲ.

ಐಪ್ಯಾಡ್ ನೋಡುವವರಿಗೆ ಒಂದು ಮಾತು. ವೈಫೈ ಮಾತ್ರ ಇರುವ ಮಾಡೆಲ್‌ನಲ್ಲಿ ಜಿಪಿಎಸ್ ಇರುವುದಿಲ್ಲ, ಸೆಲ್ಯುಲರ್ ಮಾಡೆಲ್‌ನಲ್ಲಿ ಮಾತ್ರ ಇದೆ. ಆದರೆ ಅದಕ್ಕೆ ಸುಮಾರು 15 ಸಾವಿರ ಜಾಸ್ತಿ. ಬರೀ ಸಿಮ್ ಹಾಕುವ ಸೌಭಾಗ್ಯಕ್ಕೆ ಅಷ್ಟು ಹೆಚ್ಚು ಅಂತ ನಾನು ಆಂಡ್ರಾಯ್ಡ್ ತಗೊಂಡೆ.

ರೇಂಜ್_ರಾಯರು
ಮೇಡಂ ಹೇಳಿದ್ದು ಸರಿ, ಆದರೆ ಸಿದ್ದಾಪುರದವರು ಕೋಡಿಂಗ್ ಮಾಡುವವರಾದರೆ ಟ್ಯಾಬ್ ಆಟಿಕೆಯೇ.

ಮೇಡಂ_ಮೈಸೂರು
ಕೋಡಿಂಗ್ ಮಾಡುವವರೇ ಈ ಲೋಕದಲ್ಲಿ ಕೆಲಸ ಮಾಡುವವರು ಅಂತ ಯಾರು ಹೇಳಿದರು ಸರ್? ನಾನು ಆಡಿಟ್‌ನಲ್ಲಿದ್ದೇನೆ. ತಾಲೂಕು ತಾಲೂಕು ತಿರುಗುತ್ತೇನೆ.

ಸಿದ್ದಾಪುರ_ಸೀಮೆ
ಜಗಳ ಬೇಡ 🙏 ನನ್ನದು ಟೆಸ್ಟಿಂಗ್ ಕೆಲಸ, ಲ್ಯಾಪ್‌ಟಾಪ್ ಬೇಕೇ ಬೇಕು. ಟ್ಯಾಬ್ ಪಟ್ಟಿಯಿಂದ ಹೊರಗೆ.

ಸಕಲೇಶಪುರ_ಟನಲ್
ರೈಲಿನ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಶವಂತಪುರ–ಮಂಗಳೂರು ಹಗಲು ರೈಲಲ್ಲಿ ಓಡಾಡುವವನು ನಾನು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 50 ಕಿ.ಮೀ.ಗೂ ಜಾಸ್ತಿ ಘಾಟಿ, 57 ಸುರಂಗ. ಅಲ್ಲಿ ಯಾವ ಸಾಧನವೂ ಬರುವುದಿಲ್ಲ. 2021ರಲ್ಲಿ ದೊಡ್ಡ ಗಾಜಿನ ಕಿಟಕಿಯ ವಿಸ್ಟಾಡೋಮ್ ಬೋಗಿ ಬಂದ ಮೇಲಂತೂ ಅಲ್ಲಿ ಲ್ಯಾಪ್‌ಟಾಪ್ ತೆರೆಯುವವನನ್ನು ಜನ ವಿಚಿತ್ರವಾಗಿ ನೋಡುತ್ತಾರೆ. ನಾನು ಮ್ಯಾನೇಜರ್‌ಗೆ ಮೊದಲೇ ‘ಈ ಹೊತ್ತಿನಿಂದ ಈ ಹೊತ್ತಿನವರೆಗೆ ಸಿಗಲ್ಲ’ ಅಂತ ಕ್ಯಾಲೆಂಡರಲ್ಲಿ ಹಾಕಿಬಿಡುತ್ತೇನೆ.

ಉಳಿದ ಕಡೆ ಎಸಿ ಬೋಗಿಯ ಗಾಜು ಮತ್ತು ತಗಡು ಸಿಗ್ನಲ್ ತಿನ್ನುತ್ತವೆ. ಹಾಟ್‌ಸ್ಪಾಟ್ ಫೋನನ್ನು ಬ್ಯಾಗಿನೊಳಗೆ ಇಡಬೇಡಿ, ಕಿಟಕಿಗೆ ಒರಗಿಸಿ ಇಡಿ. ಬೇರೆ ಸಾಧನದ ನಿಜವಾದ ಲಾಭ ಇದೇ. ಅದು ಕಿಟಕಿಯಲ್ಲಿರುತ್ತದೆ, ನಿಮ್ಮ ಫೋನ್ ಕೈಯಲ್ಲಿರುತ್ತದೆ.

ಬ್ಯಾಟರಿ_ಭಟ್ಟ
ನೋಡಿ, ಒಬ್ಬರಾದರೂ ನನ್ನ ಕಡೆ!

ಸಕಲೇಶಪುರ_ಟನಲ್
ಹಳೆ ಫೋನನ್ನೂ ಕಿಟಕಿಯಲ್ಲಿ ಇಡಬಹುದು ಭಟ್ರೇ.

ಕಡ್ಡಿ_ಎಣಿಸುವವ
ಸ್ಟೇಷನ್ ವೈಫೈ ಯಾರೂ ಹೇಳಲಿಲ್ಲ. ರೈಲ್ವೆಯದೇ ಕಂಪನಿ ರೈಲ್‌ಟೆಲ್‌ನದು ಆರು ಸಾವಿರಕ್ಕೂ ಜಾಸ್ತಿ ಸ್ಟೇಷನ್‌ನಲ್ಲಿದೆ. ಮೊದಲ ಅರ್ಧ ಗಂಟೆ ಪುಕ್ಕಟೆ. ರೈಲು ತಡ ಆದಾಗ ದೊಡ್ಡ ಫೈಲ್ ಇಳಿಸಿಕೊಳ್ಳಲು ಸಾಕು. ಓಟಿಪಿಗೆ ಮಾತ್ರ ಫೋನಲ್ಲಿ ಸಿಗ್ನಲ್ ಬೇಕು, ಅದೇ ತಮಾಷೆ.

ಪುತ್ತೂರು_ಪೋಡಿ
ಪಬ್ಲಿಕ್ ವೈಫೈಯಲ್ಲಿ ಯುಪಿಐ, ಬ್ಯಾಂಕ್ ಮಾಡಬೇಡಿ ಮಾತ್ರ.

ರೇಂಜ್_ರಾಯರು
ಬ್ಯಾಂಕ್ ಆ್ಯಪ್‌ಗಳು ಎನ್‌ಕ್ರಿಪ್ಟ್ ಆಗಿಯೇ ಹೋಗುತ್ತವೆ, ಅಷ್ಟು ಹೆದರಬೇಕಿಲ್ಲ. ಹೆದರಬೇಕಿರುವುದು ಅದೇ ಹೆಸರಿನ ನಕಲಿ ವೈಫೈಗೆ, ಅದು ತೋರಿಸುವ ಲಾಗಿನ್ ಪೇಜಿಗೆ. ಅಲ್ಲಿ ಪಾಸ್‌ವರ್ಡ್, ಕಾರ್ಡ್ ನಂಬರ್ ಕೇಳಿದರೆ ಎದ್ದು ಬನ್ನಿ.

ಹುಬ್ಬಳ್ಳಿ_ಗಿರ್ಮಿಟ್
ಧಾರವಾಡ ವಂದೇ ಭಾರತ್‌ನಾಗ ಹೋಗಿದ್ದೆ. ದಾವಣಗೆರೆ, ಹಾವೇರಿ ಕಡೆ ನೆಟ್ ಛಲೋ ಇತ್ತು. ಬಾಜೂ ಸೀಟಿನ್ಯಾಂವ ಪೂರಾ ಹಾದಿ ಸ್ಪೀಕರ್ ಹಚ್ಚಿ ಮೀಟಿಂಗ್ ಮಾಡಿದ. ಅವನ ಕಂಪನಿ ಅಪ್ರೈಸಲ್ ಎಲ್ಲಾ ನನಗ ಬಾಯಿಪಾಠ ಆತು. ದಯವಿಟ್ಟು ಇಯರ್‌ಫೋನೂ ಪಟ್ಟಿಗೆ ಸೇರಿಸ್ರೀ.

ಚಹಾ_ಚಕ್ಕುಲಿ
ಹೈಕ್ ಎಷ್ಟು ಕೊಟ್ಟರಂತೆ?

ಹುಬ್ಬಳ್ಳಿ_ಗಿರ್ಮಿಟ್
ಆರು ಪರ್ಸೆಂಟ್. ಪಾಪ.

ಗುಜರಿ_ಗುರು
ಡೇಟಾ ಲೆಕ್ಕ ಯಾರೂ ಹೇಳಿಲ್ಲ. ವಿಡಿಯೋ ಮೀಟಿಂಗ್ ಗಂಟೆಗೆ ಒಂದು ಜಿಬಿ ಹತ್ತಿರ ತಿನ್ನುತ್ತದೆ. ದಿನಕ್ಕೆ ಒಂದೂವರೆ ಜಿಬಿ ಪ್ಲಾನ್ ಇದ್ದರೆ ಊಟದ ಹೊತ್ತಿಗೆ 64 ಕೆಬಿಪಿಎಸ್‌ಗೆ ಬಂದು ಕೂತಿರುತ್ತೀರಿ. ಸಿದ್ದಾಪುರದವರು ‘ಕಡ್ಡಿ ಇದೆ, ಪೇಜ್ ತೆರೆಯಲ್ಲ’ ಅಂದರಲ್ಲ, ಒಮ್ಮೆ ಅದನ್ನೂ ನೋಡಿಕೊಳ್ಳಿ. 2024ರ ಜುಲೈಯಲ್ಲಿ ದರ ಏರಿಸಿದಾಗ ಜಿಯೋದಲ್ಲಿ ಅನ್‌ಲಿಮಿಟೆಡ್ 5ಜಿ ದಿನಕ್ಕೆ 2 ಜಿಬಿ ಮತ್ತು ಮೇಲಿನ ಪ್ಲಾನ್‌ಗೆ ಮಾತ್ರ ಅಂತಾಯಿತು. 4ಜಿ ಡಾಂಗಲ್ ಕೊಂಡರೆ ಆ ಅನ್‌ಲಿಮಿಟೆಡ್ ನಿಮ್ಮ ಪಾಲಿಗಿಲ್ಲ.

ವಿಂಡೋಸ್‌ನಲ್ಲಿ ಹಾಟ್‌ಸ್ಪಾಟ್ ಕನೆಕ್ಷನ್ನನ್ನು ‘ಮೀಟರ್ಡ್’ (ಡೇಟಾ ಮಿತಿ ಇರುವುದು) ಅಂತ ಗುರುತು ಹಾಕಿ. ಇಲ್ಲದಿದ್ದರೆ ಅರಸೀಕೆರೆ ದಾಟುವಷ್ಟರಲ್ಲಿ ಅಪ್‌ಡೇಟ್ ಎಲ್ಲವನ್ನೂ ನುಂಗಿರುತ್ತದೆ.

ಸಿದ್ದಾಪುರ_ಸೀಮೆ
ಮೀಟರ್ಡ್ ಹಾಕಿಲ್ಲ. ಪ್ಲಾನ್ ಒಂದೂವರೆ ಜಿಬಿಯದ್ದೇ. ಇರಿ, ಬಳಕೆ ನೋಡಿ ಹೇಳುತ್ತೇನೆ.

ರೇಂಜ್_ರಾಯರು
ಇನ್ನೊಂದನ್ನೂ ಮಾಡಿ ನೋಡಿ. ಊರು ಬಿಟ್ಟ ಮೇಲೆ ಫೋನಲ್ಲಿ 5ಜಿ ಆಫ್ ಮಾಡಿ 4ಜಿಗೆ ಕೂರಿಸಿ. ಅಂಚಿನಲ್ಲಿರುವ 5ಜಿಯನ್ನು ಹಿಡಿದು ಬಿಟ್ಟು ಮಾಡುತ್ತಾ ಫೋನ್ ಕಾಯುತ್ತದೆ, ಮಾತೂ ಕಡಿಯುತ್ತದೆ. ಮತ್ತೆ ಎರಡನೇ ಸಿಮ್ ಬೇರೆ ಕಂಪನಿಯದೇ ಇರಲಿ. ಮನೆಯ ಸುತ್ತ, ದಾರಿಯಲ್ಲಿ ಯಾವುದು ಬರುತ್ತದೆ ಅಂತ ಬಸ್ ಡ್ರೈವರನ್ನು ಕೇಳಿ. ಕಂಪನಿಗಳ ಸೈಟಲ್ಲಿ ಕವರೇಜ್ ನಕ್ಷೆ ಇದೆ, ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಹಾಕಿಸಿದ್ದು. ನಕ್ಷೆಯಲ್ಲಿ ಇಡೀ ಉತ್ತರ ಕನ್ನಡ ಹಸಿರಾಗಿ ಕಾಣುತ್ತದೆ. ಅದು ಕಾಡೋ ಸಿಗ್ನಲ್ಲೋ ಗೊತ್ತಾಗುವುದಿಲ್ಲ 😀

ಅಡಿಕೆ_ಅಪ್ಪಿ
ನಮ್ಮ ಕಡೆ ಬಿಎಸ್‌ಎನ್‌ಎಲ್ ಬಿಟ್ಟು ಬೇರೆ ಏನೂ ಬರುವುದಿಲ್ಲ. ಹೊಸ 4ಜಿ ಬಂದ ಮೇಲೆ ಪರವಾಗಿಲ್ಲ. ಆದರೆ ಅಣ್ಣನ ಡಾಂಗಲ್ ಅದನ್ನು ಹಿಡಿಯುವುದೇ ಇಲ್ಲ. ಟವರ್ ಕಣ್ಣಿಗೆ ಕಾಣುತ್ತದೆ, ಡಾಂಗಲ್‌ಗೆ ಕಾಣುವುದಿಲ್ಲ. ಯಾಕೆ?

ರೇಂಜ್_ರಾಯರು
ಎರಡು ಕಾರಣ ಇರಬಹುದು. ಒಂದು, ಬ್ಯಾಂಡ್ 28 ಇಲ್ಲದ ಹಳೆ ಡಾಂಗಲ್. ಇನ್ನೊಂದು, ಕಂಪನಿ ಲಾಕ್. ಜಿಯೋಫೈಯಂಥವು ಅವರದೇ ಸಿಮ್‌ಗೆ ಮಾತ್ರ. ಯಾವುದು?

ಅಡಿಕೆ_ಅಪ್ಪಿ
ಎರಡನೆಯದ್ದೇ ಇರಬೇಕು. ಅಣ್ಣ ಸಂತೆಯಲ್ಲಿ ಸೆಕೆಂಡ್ ಹ್ಯಾಂಡ್ ತಂದಿದ್ದು.

ಕಡ್ಡಿ_ಎಣಿಸುವವ
2025ರ ಜನವರಿಯಲ್ಲಿ ಇಂಟ್ರಾ ಸರ್ಕಲ್ ರೋಮಿಂಗ್ ಅಂತ ಶುರುವಾಯಿತಲ್ಲ? ಒಂದು ಕಂಪನಿಯ ಟವರ್‌ನಲ್ಲಿ ಇನ್ನೊಂದರ ಸಿಮ್ ನಡೆಯುತ್ತದೆ ಅಂತ.

ರೇಂಜ್_ರಾಯರು
ಎಲ್ಲ ಟವರಲ್ಲೂ ಅಲ್ಲ. ಸರ್ಕಾರದ ಡಿಜಿಟಲ್ ಭಾರತ್ ನಿಧಿಯ ಹಣದಲ್ಲಿ ಹಳ್ಳಿಗಾಡಲ್ಲಿ ಹಾಕಿದ ಟವರ್‌ಗಳಲ್ಲಿ ಮಾತ್ರ. ಅಂಥದ್ದು ನಿಮ್ಮ ದಾರಿಯಲ್ಲಿದ್ದರೆ ಪುಣ್ಯ.

ಬುಲೆಟ್_ಬಸ್ಯಾ
ನಾನು ಹುಡುಗರ ಜೊತೆ ಲಡಾಖ್‌ಗೆ ಬೈಕಲ್ಲಿ ಹೊರಟಿದ್ದೇನೆ. ಸ್ಯಾಟಲೈಟ್ ಮೆಸೆಂಜರ್ ಒಂದು ಆನ್‌ಲೈನಲ್ಲಿ ಹೊರದೇಶದಿಂದ ತರಿಸಿದರೆ ಹೇಗೆ? ಗಾರ್ಮಿನ್ ಇನ್‌ರೀಚ್ ಚೆನ್ನಾಗಿದೆ ಅಂತಾರೆ.

ಐಟಿ_ಅಜ್ಜ
ಬೇಡ ಮಗಾ, ಖಂಡಿತಾ ಬೇಡ. ಭಾರತದಲ್ಲಿ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್, ಇನ್‌ರೀಚ್ ಥರದ್ದು ಇಟ್ಟುಕೊಳ್ಳುವುದು ಅಪರಾಧ. ವಿಮಾನ ನಿಲ್ದಾಣದಲ್ಲೇ ಹಿಡಿದು ಕೇಸ್ ಹಾಕಿದ್ದಾರೆ, ವಿದೇಶಿ ಪ್ರವಾಸಿಗಳನ್ನೂ ಬಿಟ್ಟಿಲ್ಲ. ಗಡಿ ಸೀಮೆಯಲ್ಲಿ ಸಿಕ್ಕಿಬಿದ್ದರೆ ಕೇಳಬೇಡ. ಐಫೋನಿನ ಸ್ಯಾಟಲೈಟ್ ಎಸ್‌ಒಎಸ್ ಕೂಡ ಇಲ್ಲಿ ನಡೆಯುವುದಿಲ್ಲ.

ಬುಲೆಟ್_ಬಸ್ಯಾ
ಸ್ಟಾರ್‌ಲಿಂಕ್ ಮಿನಿ? ಸ್ಯಾಟಲೈಟ್ ನೆಟ್‌ನ ಸಣ್ಣ ಡಿಶ್.

ಐಟಿ_ಅಜ್ಜ
ಅವರಿಗೆ 2025ರ ಜೂನ್‌ನಲ್ಲಿ ಲೈಸೆನ್ಸ್ ಸಿಕ್ಕಿತು. ಕಂಪನಿಗೆ ಲೈಸೆನ್ಸ್ ಸಿಕ್ಕಿತು ಅಂತ ನೀನು ದುಬೈಯಿಂದ ತಂದ ಡಿಶ್ ಇಲ್ಲಿ ಸಕ್ರಮ ಆಗುವುದಿಲ್ಲ.

ಮೇಡಂ_ಮೈಸೂರು
ಬಸ್ಯಾ, ಅದಕ್ಕಿಂತ ಮುಖ್ಯ ಇನ್ನೊಂದಿದೆ. ನಮ್ಮ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರ, ಲಡಾಖ್‌ನಲ್ಲಿ ನಡೆಯುವುದಿಲ್ಲ. ಪೋಸ್ಟ್‌ಪೇಯ್ಡ್ ನಡೆಯುತ್ತದೆ. ನಾವು ಕಾಶ್ಮೀರಕ್ಕೆ ಹೋದಾಗ ಇಡೀ ಗುಂಪಿನಲ್ಲಿ ಒಬ್ಬರದು ಪೋಸ್ಟ್‌ಪೇಯ್ಡ್. ಅವರ ಹಾಟ್‌ಸ್ಪಾಟ್ ಹಿಂದೆ ಎಲ್ಲರೂ ಓಡಿದ್ದೇ ಓಡಿದ್ದು. ಹೊರಡುವ ಮೊದಲೇ ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ. ಗುಂಪಲ್ಲಿ ಇಬ್ಬರದು ಬೇರೆ ಬೇರೆ ಕಂಪನಿ ಇರಲಿ.

ಬುಲೆಟ್_ಬಸ್ಯಾ
ಇದು ಗೊತ್ತೇ ಇರಲಿಲ್ಲ ಮೇಡಂ, ಥ್ಯಾಂಕ್ಸ್. ಎಲ್ಲರೂ ಪ್ರೀಪೇಯ್ಡೇ!

ಡಸೆಲ್ಡಾರ್ಫ್_ದೋಸೆ
ಹೊರದೇಶದ ಕಥೆಯೇ ಬೇರೆ. ಇಲ್ಲಿ ಯುರೋಪಿಯನ್ ಒಕ್ಕೂಟದೊಳಗೆ 2017ರಿಂದ ರೋಮಿಂಗ್‌ಗೆ ಬೇರೆ ಚಾರ್ಜ್ ಇಲ್ಲ. ಜರ್ಮನಿ ಸಿಮ್ಮಲ್ಲೇ ಇಟಲಿ, ಫ್ರಾನ್ಸ್ ಸುತ್ತಬಹುದು. ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ, ಅಲ್ಲಿ ಪ್ಲಾನ್ ನೋಡಿಕೊಂಡೇ ಹೋಗಬೇಕು. ಊರಿಂದ ಬರುವ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದು: ಫೋನಲ್ಲಿ ಇಸಿಮ್ (ಕಾರ್ಡ್ ಇಲ್ಲದ, ಫೋನಿನೊಳಗೇ ಇರುವ ಸಿಮ್) ಇದ್ದರೆ ಇಲ್ಲಿನ ಡೇಟಾ ಅದಕ್ಕೆ ಹಾಕಿ. ಇಂಡಿಯಾ ಸಿಮ್ ಓಟಿಪಿಗೆ ಅಂತ ಹಾಗೇ ಇರಲಿ, ಅದರ ಡೇಟಾ ರೋಮಿಂಗ್ ಮಾತ್ರ ಆಫ್. ಡಾಂಗಲ್ ಬಾಡಿಗೆ ಅಂತೆಲ್ಲ ಬೇಡ, ಕಳೆದರೆ ದಂಡ ಬೇರೆ.

ಪುತ್ತೂರು_ಪೋಡಿ
ಜಪಾನಿನಲ್ಲಿ ಏರ್‌ಪೋರ್ಟಲ್ಲೇ ಪಾಕೆಟ್ ವೈಫೈ ಬಾಡಿಗೆಗೆ ಸಿಗುತ್ತದೆ. ನಾವು ಐದು ಜನ ಒಂದರಲ್ಲೇ ಸುಧಾರಿಸಿದೆವು. ಒಂದೇ ಕಷ್ಟ: ಅದನ್ನು ಹಿಡಿದವರು ಶಾಪಿಂಗ್‌ಗೆ ಹೋದರೆ ಉಳಿದವರು ಹೋಟೆಲ್ ದಾರಿ ಕೇಳಿಕೊಂಡು ಬರಬೇಕು.

ಬ್ಯಾಟರಿ_ಭಟ್ಟ
ವಿಮಾನದ ಮಾತು ಬಂತಲ್ಲ, ಪವರ್ ಬ್ಯಾಂಕ್ ಚೆಕ್-ಇನ್ ಲಗೇಜಿಗೆ ಹಾಕಬೇಡಿ, ಕೈಚೀಲದಲ್ಲೇ ಇರಬೇಕು. 100 ವ್ಯಾಟ್-ಅವರ್ ಒಳಗಿದ್ದರೆ ತಕರಾರಿಲ್ಲ. 20,000 ಎಂಎಎಚ್ ಅಂದರೆ ಸುಮಾರು 74, ನಡೆಯುತ್ತದೆ. ಡಾಂಗಲ್‌ನಲ್ಲೂ ಲಿಥಿಯಂ ಬ್ಯಾಟರಿಯೇ ಇರುವುದು, ಅದನ್ನೂ ಕೈಯಲ್ಲೇ ಇಟ್ಟುಕೊಳ್ಳಿ.

ಸಿದ್ದಾಪುರ_ಸೀಮೆ
ಸರಿ, ಬಳಕೆ ನೋಡಿದೆ. ಗುರುಗಳು ಹೇಳಿದ್ದು ನಿಜ, ರೈಲಿನ ದಿನಗಳಲ್ಲಿ ಒಂದೂವರೆ ಜಿಬಿ ಮಧ್ಯಾಹ್ನಕ್ಕೇ ಮುಗಿಯುತ್ತಿದೆ. ಲ್ಯಾಪ್‌ಟಾಪ್ ಯುಎಸ್‌ಬಿ ಟೆದರಿಂಗ್‌ಗೆ ಅವಕಾಶ ಕೊಟ್ಟಿತು. ಸದ್ಯಕ್ಕೆ ಡಾಂಗಲ್ ಕೊಳ್ಳುವುದಿಲ್ಲ. ತಂಗಿಯ ಹಳೆ ಫೋನಿಗೆ ಬೇರೆ ಕಂಪನಿಯ ಸಿಮ್ ಹಾಕುತ್ತೇನೆ, ನನ್ನ ಪ್ಲಾನ್ 2 ಜಿಬಿಗೆ ಏರಿಸುತ್ತೇನೆ. ಉಳಿದ ದುಡ್ಡಲ್ಲಿ ಒಳ್ಳೆಯ ಪವರ್ ಬ್ಯಾಂಕ್. ಭಟ್ರು ಬೇಜಾರು ಮಾಡಿಕೊಳ್ಳಬಾರದು.

ಬ್ಯಾಟರಿ_ಭಟ್ಟ
ಬೇಜಾರೇನಿಲ್ಲ. ಮನೆಯವರೆಲ್ಲ ಒಂದೇ ಕಾರಲ್ಲಿ ಹೊರಟ ದಿನ ನನ್ನ ಮಾತು ನೆನಪಾಗುತ್ತದೆ. ಹಳೆ ಫೋನಿಗೆ ಎಂಟು ಜನ ಜೋತುಬಿದ್ದಾಗ ನೋಡೋಣ.

ಗುಜರಿ_ಗುರು
ಎಂಟು ಜನ ಒಂದೇ ಕಾರಲ್ಲಾ? ಮೊದಲು ಕಾರು ಬದಲಿಸಿ.

ಅಡಿಕೆ_ಅಪ್ಪಿ
ವಿಷಯ ಬೇರೆ, ಆದರೂ ಕೇಳುತ್ತೇನೆ. ಅಪ್ಪ ಅಮ್ಮ ಮುಕ್ತಿನಾಥಕ್ಕೆ ಹೊರಟಿದ್ದಾರೆ. ನೇಪಾಳದಲ್ಲಿ ನಮ್ಮ ಸಿಮ್ ನಡೆಯುತ್ತದಾ?

ಮೇಡಂ_ಮೈಸೂರು
ಇಂಟರ್‌ನ್ಯಾಷನಲ್ ರೋಮಿಂಗ್ ಪ್ಯಾಕ್ ಹಾಕಿದರೆ ನಡೆಯುತ್ತದೆ, ದುಬಾರಿ. ಕಾಠ್ಮಂಡು ಏರ್‌ಪೋರ್ಟಲ್ಲಿ ಎನ್‌ಸೆಲ್, ನೇಪಾಳ ಟೆಲಿಕಾಂ ಎರಡರ ಕೌಂಟರೂ ಇದೆ. ಪಾಸ್‌ಪೋರ್ಟ್ ಇದ್ದರೆ ತಕರಾರಿಲ್ಲದೆ ಕೊಡುತ್ತಾರೆ. ಮುಕ್ತಿನಾಥ ಇರುವ ಮುಸ್ತಾಂಗ್ ಕಡೆ ಹೋಗುವವರಿಗೆ ನೇಪಾಳ ಟೆಲಿಕಾಂ ವಾಸಿ ಅಂತ ಎಲ್ಲರೂ ಹೇಳುತ್ತಾರೆ. ನಮಗೂ ಜೋಮ್‌ಸೋಮ್‌ನಲ್ಲಿ ಅದೇ ಬಂದಿದ್ದು.

ಮುಕ್ತಿನಾಥ 3,700 ಮೀಟರಿಗೂ ಮೇಲಿದೆ. ಚಳಿಗೆ ಫೋನ್ ಬ್ಯಾಟರಿ ಬೇಗ ಇಳಿಯುತ್ತದೆ. ಸ್ವೆಟರಿನ ಒಳಜೇಬಲ್ಲಿ ಇಟ್ಟುಕೊಳ್ಳಲು ಹೇಳಿ.

ಅಡಿಕೆ_ಅಪ್ಪಿ
ಪಾಸ್‌ಪೋರ್ಟ್ ಅಪ್ಪನಿಗಿದೆ, ಅಮ್ಮನಿಗಿಲ್ಲ. ವೋಟರ್ ಐಡಿ ಒಯ್ಯುತ್ತಿದ್ದಾರೆ.

ಮೇಡಂ_ಮೈಸೂರು
ಒಳಗೆ ಬಿಡಲು ವೋಟರ್ ಐಡಿ ಸಾಕು, ಒರಿಜಿನಲ್ಲೇ ಇರಲಿ. ಆಧಾರ್ ನಂಬಿಕೊಂಡು ಹೋಗಬೇಡಿ ಅಂತ ಹೇಳಿ. ಸಿಮ್ ಅಪ್ಪನ ಹೆಸರಲ್ಲಿ ತಗೊಂಡು ಅಮ್ಮನಿಗೆ ಹಾಟ್‌ಸ್ಪಾಟ್ ಕೊಡಲಿ.

ಚಹಾ_ಚಕ್ಕುಲಿ
ಅಂದರೆ ಅಲ್ಲೂ ಡಾಂಗಲ್ ಬೇಡ ಅಂತಾಯಿತು. ಭಟ್ರೇ, ಎಲ್ಲಿದ್ದೀರಿ?

ಬ್ಯಾಟರಿ_ಭಟ್ಟ
ಇಲ್ಲೇ ಇದ್ದೇನೆ. ಒಂದು ಡಾಂಗಲ್ ಮಾರಾಟಕ್ಕಿದೆ, ಲಾಕ್ ಇಲ್ಲ, ಬ್ಯಾಂಡ್ 28 ಇದೆ. ಅಪ್ಪಿಯ ಅಣ್ಣನಿಗೆ ಬೇಕಾದರೆ ಮೆಸೇಜ್ ಮಾಡಲಿ.